‘ಎಲ್ಲ ಚಾನೆಲ್ ಉಚಿತ’ ಎನ್ನುವ ಟಿವಿ ಬಾಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಬೆಂಗಳೂರಿನಲ್ಲಿರುವ ಮಗ ಒಂದು ಸಣ್ಣ ಟಿವಿ ಬಾಕ್ಸ್ ಕಳಿಸಿಕೊಟ್ಟ. ಚಂದಾ ಕಟ್ಟದೆಯೇ ಎಲ್ಲ ಚಾನೆಲ್, ಎಲ್ಲ ಸಿನಿಮಾ ಅದರಲ್ಲಿ ಬರುತ್ತವೆ. ಮೊದಲ ಸಲ ಹಾಕಿದಾಗ ‘ಪ್ಲೇ ಪ್ರೊಟೆಕ್ಟ್’ ಆಫ್ ಮಾಡುವಂತೆ ಅದೇ ಕೇಳಿತ್ತು. ಮನೆಯವರು ಸಂಜೆ ಅದರಲ್ಲೇ ಯಕ್ಷಗಾನ ನೋಡುತ್ತಾರೆ. ಇದು ಅಪಾಯವೆಂದು ಪಕ್ಕದ ಮನೆಯ ಹುಡುಗ ಹೇಳುತ್ತಿದ್ದಾನೆ. ನಿಜವೇ? ನಾವು ಏನು ನೋಡುತ್ತೇವೆಂಬುದು ಹೊರಗಿನವರಿಗೆ ತಿಳಿಯುತ್ತದೆಯೇ?
— ನಿವೃತ್ತ ಶಿಕ್ಷಕಿ, ಶಿರಸಿ ತಾಲೂಕು

ಉತ್ತರ: ಹುಡುಗನ ಮಾತನ್ನು ನಂಬಿ, ಇದನ್ನು ಓದಿದ ದಿನವೇ ಆ ಬಾಕ್ಸಿನ ಪ್ಲಗ್ ತೆಗೆದುಬಿಡಿ. ಪ್ಲೇ ಪ್ರೊಟೆಕ್ಟ್ ಎಂಬುದು ಆ್ಯಪ್‌ಗಳಲ್ಲಿ ಕೆಡುಕಿನ ತಂತ್ರಾಂಶ ಅಡಗಿದೆಯೇ ಎಂದು ಪರೀಕ್ಷಿಸುವ ಗೂಗಲ್‌ನ ಕಾವಲು. ಅದನ್ನು ತೆಗೆಯಿರಿ ಎಂದು ಉಪಕರಣವೇ ಕೇಳಿದರೆ ಅನುಮಾನಪಡಲು ಬೇರೆ ಕಾರಣ ಬೇಕಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಕೆಡುಕಿನ ತಂತ್ರಾಂಶ ಹೊಕ್ಕ ಉಪಕರಣಗಳ ‘ಬ್ಯಾಡ್‌ಬಾಕ್ಸ್ 2.0’ ಎಂಬ ಜಾಲದ ಕುರಿತು ಸಾರ್ವಜನಿಕ ಎಚ್ಚರಿಕೆ ನೀಡಿದಾಗ ಹೇಳಿದ ಲಕ್ಷಣಗಳು ಇವೇ: ಹೆಸರು ಕೇಳರಿಯದ ತಯಾರಕರು, ಎಲ್ಲವೂ ಉಚಿತವೆಂಬ ಆಮಿಷ, ಪ್ಲೇ ಪ್ರೊಟೆಕ್ಟ್ ತೆಗೆಯಬೇಕೆಂಬ ಬೇಡಿಕೆ. ಮರುತಿಂಗಳು ಗೂಗಲ್ ಈ ಜಾಲ ನಡೆಸುವವರ ಮೇಲೆ ಮೊಕದ್ದಮೆ ಹೂಡಿತು. ತನ್ನ ಪ್ರಮಾಣೀಕರಣವಿಲ್ಲದ ಒಂದು ಕೋಟಿಗೂ ಹೆಚ್ಚು ಉಪಕರಣಗಳು ಅದರ ಹಿಡಿತದಲ್ಲಿದ್ದವೆಂದು ಅದು ತಿಳಿಸಿತ್ತು. ಕೆಲವು ಬಾಕ್ಸ್‌ಗಳಿಗೆ ಕೆಡುಕು ಮಾರಾಟಕ್ಕೆ ಮೊದಲೇ ಸೇರಿರುತ್ತದೆ, ಉಳಿದವಕ್ಕೆ ಮೊದಲ ದಿನ ಹಾಕಿಕೊಳ್ಳಲು ಹೇಳುವ ಆ್ಯಪ್‌ಗಳ ಜೊತೆ ಬರುತ್ತದೆ.

ಇಂಥ ಬಾಕ್ಸ್ ಮಾಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ನೀವು ತಾಳಮದ್ದಲೆ ಕೇಳುತ್ತ ಕುಳಿತಿರುವಾಗ ಎಲ್ಲೋ ಇರುವ ಅಪರಿಚಿತ ನಿಮ್ಮ ಮನೆಯ ಇಂಟರ್‌ನೆಟ್ ಮೂಲಕ ಬೇರೆಯವರ ಖಾತೆಗೆ ನುಗ್ಗಲು ಯತ್ನಿಸುತ್ತಿರಬಹುದು. ನಿಮ್ಮ ಸಂಪರ್ಕವನ್ನು ಹೀಗೆ ಬಾಡಿಗೆಗೆ ಕೊಡುವುದೇ ಅವರ ವ್ಯಾಪಾರ. ತನಿಖೆಯವರು ಜಾಡು ಹಿಡಿದು ಹೊರಟರೆ ಅವರಿಗೆ ಸಿಗುವುದು ನಿಮ್ಮ ಮನೆಯ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ. ತಪ್ಪೇ ಮಾಡದ ಇಬ್ಬರು ಹಿರಿಯರು ಅದಕ್ಕೆ ಉತ್ತರ ಕೊಡಬೇಕಾದ ಸ್ಥಿತಿಯನ್ನು ನೆನೆದರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. ಕದ್ದು ಪ್ರಸಾರ ಮಾಡಿದ ಸಿನಿಮಾ ನೋಡಿದರೆ ಅದನ್ನು ದುಡಿದು ಮಾಡಿದವರಿಗೆ ಏನೂ ಸೇರುವುದಿಲ್ಲ ಎಂಬುದೂ ಇದೆ.

ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತಂದು, ಮತ್ತೆ ಬಳಸೋಣ ಎಂದುಕೊಳ್ಳಬೇಡಿ. ಮೂಲ ತಂತ್ರಾಂಶದಲ್ಲೇ ಕುಳಿತಿರುವುದು ಅದರಿಂದ ಹೋಗುವುದಿಲ್ಲ. ಆ ಬಾಕ್ಸಿನಲ್ಲಿ ಯಾವ ಗೂಗಲ್ ಖಾತೆಗೆ ಲಾಗಿನ್ ಆಗಿದ್ದೀರೋ ಅದರ ಪಾಸ್‌ವರ್ಡನ್ನು ಮೊಬೈಲಿನಿಂದ ಬದಲಾಯಿಸಿ, ಆ ಖಾತೆಯ ಉಪಕರಣಗಳ ಪಟ್ಟಿಯಿಂದ ಬಾಕ್ಸನ್ನು ತೆಗೆಯಿರಿ. ವೈಫೈ ಪಾಸ್‌ವರ್ಡನ್ನೂ, ಸಂಪರ್ಕ ಕೊಟ್ಟವರು ಬಂದಾಗ ಕೇಳಿ ರೂಟರಿನ ಆಡಳಿತ ಪಾಸ್‌ವರ್ಡನ್ನೂ ಬದಲಿಸಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಇದು ರೂಟರ್ ತಂದ ದಿನದ್ದೇ ಇರುತ್ತದೆ. ಮುಂದೆ ಬಾಕ್ಸ್ ಕೊಳ್ಳುವುದಾದರೆ, ಆಂಡ್ರಾಯ್ಡ್ ಟಿವಿ ಜಾಲತಾಣದಲ್ಲಿ ಗೂಗಲ್ ಪ್ರಕಟಿಸಿರುವ ತಯಾರಕರ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ಮಗನಿಗೆ ನೋಡಲು ಹೇಳಿ. ಯಕ್ಷಗಾನ ತಪ್ಪುವುದೆಂಬ ಚಿಂತೆ ಬೇಡ. ಯೂಟ್ಯೂಬ್‌ನಲ್ಲಿ ಆಟಗಳ ನೇರ ಪ್ರಸಾರವೂ ಹಳೆಯ ವಿಡಿಯೊಗಳೂ ಧಾರಾಳವಾಗಿವೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಆರಂಭಿಸಿದ ‘ವೇವ್ಸ್’ ಆ್ಯಪ್‌ನಲ್ಲಿ ದೂರದರ್ಶನದ ಚಾನೆಲ್‌ಗಳು ಸಿಗುತ್ತವೆ.

ಎರಡನೆಯ ಪ್ರಶ್ನೆಗೆ ಉತ್ತರ: ತಿಳಿಯುತ್ತದೆ, ಒಳ್ಳೆಯ ಕಂಪನಿಯ ಟಿವಿಯಲ್ಲೂ ತಿಳಿಯುತ್ತದೆ. ಅನೇಕ ಸ್ಮಾರ್ಟ್ ಟಿವಿಗಳು ಪರದೆಯ ಮೇಲಿನ ಚಿತ್ರದ ತುಣುಕುಗಳನ್ನು ಆಗಾಗ ತೆಗೆದು, ತಮ್ಮಲ್ಲಿರುವ ಸಂಗ್ರಹದೊಂದಿಗೆ ಹೋಲಿಸಿ, ಈ ಮನೆಯವರು ಯಾವ ಕಾರ್ಯಕ್ರಮ ನೋಡುತ್ತಿದ್ದಾರೆಂದು ಗುರುತಿಸುತ್ತವೆ. ಹೊರಗಿನಿಂದ ಜೋಡಿಸಿದ ಸೆಟ್ ಟಾಪ್ ಬಾಕ್ಸಿನ ಚಿತ್ರವನ್ನೂ ಹೀಗೆ ಗುರುತಿಸಬಹುದು. ಒಪ್ಪಿಗೆ ಕೇಳದೆ ಸುಮಾರು 1.1 ಕೋಟಿ ಟಿವಿಗಳಿಂದ ಇಂಥ ಮಾಹಿತಿ ಸಂಗ್ರಹಿಸಿದ ಆರೋಪದ ಪ್ರಕರಣವನ್ನು ಟಿವಿ ತಯಾರಿಸುವ ವಿಜಿಯೊ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಇಂಟರ್‌ನೆಟ್ ಸಂಪರ್ಕವನ್ನು ಮರೆಮಾಡುವ ವಿಪಿಎನ್ ಹಾಕಿಕೊಂಡರೂ ಇದು ನಿಲ್ಲುವುದಿಲ್ಲ, ಏಕೆಂದರೆ ಗಮನಿಸುತ್ತಿರುವುದು ಟಿವಿಯೇ. ನಿಲ್ಲಿಸಬೇಕಾದದ್ದು ಸೆಟ್ಟಿಂಗ್ಸ್‌ನಲ್ಲಿ: ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವಿಸಸ್’, ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಎಂಬ ಹೆಸರಿನಲ್ಲಿ ಇದು ಇರುತ್ತದೆ. ಒಪ್ಪಿಗೆ ಕೊಡದಿದ್ದರೂ ಟಿವಿ ಎಂದಿನಂತೆ ನಡೆಯುತ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ಅತಿಥಿಗಳು ಕೋಣೆಯ ಟಿವಿಯಲ್ಲಿ ತಮ್ಮ ಖಾತೆ ತೆರೆದು, ಹಾಗೆಯೇ ಬಿಟ್ಟು ಹೋಗುತ್ತಾರೆ. ನಾವೇನು ಮಾಡಬೇಕು?
— ಓದುಗರು, ಗೋಕರ್ಣ

ಉತ್ತರ: ಕೋಣೆ ಗುಡಿಸಿ ಹಾಸಿಗೆಯ ಹೊದಿಕೆ ಬದಲಿಸುವಾಗಲೇ ಟಿವಿಯ ಎಲ್ಲ ಆ್ಯಪ್‌ಗಳಿಂದ ಲಾಗೌಟ್ ಮಾಡುವುದನ್ನೂ ಕೆಲಸದವರಿಗೆ ರೂಢಿ ಮಾಡಿಸಿ. ಬಿಟ್ಟುಹೋದ ಖಾತೆಯಲ್ಲಿ ಹೆಸರು, ನೋಡಿದ ಕಾರ್ಯಕ್ರಮಗಳ ಪಟ್ಟಿ, ಕೆಲವೊಮ್ಮೆ ಮಕ್ಕಳ ಪ್ರೊಫೈಲ್ ಕೂಡ ಇರುತ್ತದೆ, ಮುಂದಿನ ಅತಿಥಿಗೆ ಅದು ಕಾಣಬಾರದು. ಅತಿಥಿಗಳಿಗೆ ರೂಟರಿನಲ್ಲಿ ಬೇರೆಯೇ ವೈಫೈ ಹೆಸರು ಮಾಡಿಕೊಡಿ. ನಿಮ್ಮ ಲೆಕ್ಕಪತ್ರದ ಕಂಪ್ಯೂಟರ್ ಅದರಲ್ಲಿ ಇರಕೂಡದು.

ಪ್ರಶ್ನೆ: ಟಿವಿಯಲ್ಲಿ ಆ್ಯಪ್ ತೆರೆಯುತ್ತಿರಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಅಮ್ಮ ಕರೆಮಾಡಿದಾಗ, ಐದು ರೂಪಾಯಿ ಕಟ್ಟಿ ಎಂದು ಕ್ಯೂಆರ್ ಕೋಡ್ ಕಳಿಸಿ ಯುಪಿಐ ಪಿನ್ ಹಾಕಿಸಿದರು. ಖಾತೆಯಿಂದ ದೊಡ್ಡ ಮೊತ್ತ ಹೋಯಿತು.
— ಓದುಗ, ಕಾರವಾರ

ಉತ್ತರ: ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ದೂರು ಬೇಗ ತಲುಪಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ವಂಚಕರ ಸಂಖ್ಯೆ, ಕೋಡಿನ ಚಿತ್ರ, ವಹಿವಾಟಿನ ಸಂದೇಶ ಯಾವುದನ್ನೂ ಅಳಿಸಬೇಡಿ. ಅವರು ಫೋನಿನಲ್ಲಿ ಯಾವುದಾದರೂ ಆ್ಯಪ್ ಹಾಕಿಸಿದ್ದರೆ ಇಂಟರ್‌ನೆಟ್ ಆಫ್ ಮಾಡಿ ಅದನ್ನು ತೆಗೆಯಿರಿ, ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಯುಪಿಐ ಪಿನ್ ಬದಲಿಸಿ. ಅಮ್ಮನನ್ನು ಗದರಬೇಡಿ, ಅವರು ಹೆದರಿ ಮುಚ್ಚಿಟ್ಟಿದ್ದರೆ ಇಂದು ಈ ದೂರನ್ನೂ ಕೊಡಲಾಗುತ್ತಿರಲಿಲ್ಲ.