ತೂಕದ ಮುಳ್ಳು ನಿಂತರೆ ನನ್ನ ಉತ್ಸಾಹವೂ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 44 ವರ್ಷ, ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಎತ್ತರ 156 ಸೆಂ.ಮೀ., ತೂಕ 76 ಕೆ.ಜಿ. ರಕ್ತದ ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಲೇಬೇಕು ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಅಂದಿನಿಂದ ನಾಲ್ಕು ಬಾರಿ ಆರಂಭಿಸಿ ನಾಲ್ಕು ಬಾರಿಯೂ ಕೈಬಿಟ್ಟಿದ್ದೇನೆ. ಕಡೆಯ ಸಲ ಯುಗಾದಿಯ ಮರುದಿನದಿಂದ ಅನ್ನ ಬಿಟ್ಟು, ರಾತ್ರಿ ಹಣ್ಣು ಮಾತ್ರ ತಿಂದು, ದಿನವೂ ಬೆಳಿಗ್ಗೆ ಒಂದು ಗಂಟೆ ನಡೆದೆ. ಎರಡೇ ವಾರದಲ್ಲಿ 3 ಕೆ.ಜಿ. ಇಳಿಯಿತು. ಅನಂತರ ಒಂದು ತಿಂಗಳು ಮುಳ್ಳು ಕದಲಲಿಲ್ಲ. ಅಷ್ಟರಲ್ಲಿ ಅಣ್ಣನ ಮಗಳ ಮದುವೆ ಬಂದು ನಾಲ್ಕು ದಿನ ಎಲ್ಲವೂ ತಪ್ಪಿತು, ಮತ್ತೆ ಶುರು ಮಾಡಲಾಗಲಿಲ್ಲ. “ನಿನ್ನ ಕೈಲಿ ಆಗೋದಲ್ಲ ಬಿಡು” ಎಂದು ಮನೆಯವರು ನಗುತ್ತಾರೆ. ನನ್ನಲ್ಲಿ ಮನೋಬಲವೇ ಇಲ್ಲವೇ? ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡು ವರ್ಷದಲ್ಲಿ ನಾಲ್ಕು ಬಾರಿ ಹೊಸದಾಗಿ ಆರಂಭಿಸಿದವರನ್ನು ಮನೋಬಲವಿಲ್ಲದವರು ಎಂದು ನಾನಂತೂ ಕರೆಯಲಾರೆ. ನೀವು ಸೋತದ್ದು ಮದುವೆಯೂಟಕ್ಕಲ್ಲ. ಅದಕ್ಕೂ ಮೊದಲೇ, ಆ ಕದಲದ ಮುಳ್ಳನ್ನು ನೋಡಿ ನೋಡಿ ದಣಿದಿದ್ದಿರಿ. ಹಾಗಾಗಿ ಮೊದಲು ಆ ಮುಳ್ಳಿನ ವಿಷಯವನ್ನೇ ಮಾತನಾಡೋಣ.

ನಮ್ಮ ಯಕೃತ್ತು ಮತ್ತು ಸ್ನಾಯುಗಳು ಅನ್ನ, ರೊಟ್ಟಿಗಳಿಂದ ಬಂದ ಸಕ್ಕರೆಯ ಒಂದು ಭಾಗವನ್ನು ಗ್ಲೈಕೊಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ, ಮತ್ತು ಅದರ ಪ್ರತಿಯೊಂದು ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ ಬಿಟ್ಟ ಮೊದಲ ದಿನಗಳಲ್ಲಿ ಈ ದಾಸ್ತಾನು ಕರಗಿ ನೀರು ಹೊರಬೀಳುತ್ತದೆ. ನಿಮಗೆ ಅಷ್ಟೊಂದು ಸಂತೋಷ ಕೊಟ್ಟ 3 ಕೆ.ಜಿ.ಯಲ್ಲಿ ದೊಡ್ಡ ಪಾಲು ಆ ನೀರೇ ಆಗಿದ್ದಿರಬೇಕು. ಒಂದು ಕೆ.ಜಿ. ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಯಷ್ಟು ಕೊರತೆ ಬೀಳಬೇಕು. ನಿಮ್ಮ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ವೆಚ್ಚವಾಗುವುದು ಸುಮಾರು 300 ಕ್ಯಾಲೊರಿ. ಅಂದರೆ ನಡಿಗೆಯೊಂದರಿಂದಲೇ ಒಂದು ಕೆ.ಜಿ. ಇಳಿಯಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಆ ಒಂದು ಕೆ.ಜಿ.ಯನ್ನು, ಉಪ್ಪು ಹೆಚ್ಚಾದ ದಿನವೋ ಮುಟ್ಟಿನ ಹಿಂದುಮುಂದಿನ ದಿನಗಳಲ್ಲೋ ದೇಹದಲ್ಲಿ ನಿಲ್ಲುವ ನೀರು ಸುಲಭವಾಗಿ ಮರೆಮಾಚಿಬಿಡುತ್ತದೆ. ಇದರ ಜೊತೆಗೆ, ತೂಕ ಇಳಿಯುತ್ತಿದ್ದಂತೆ ದೇಹವು ತನ್ನ ಖರ್ಚನ್ನು ಬಿಗಿಹಿಡಿದು ಹಸಿವನ್ನು ಹೆಚ್ಚಿಸುತ್ತದೆ. ಮುಳ್ಳು ನಿಂತದ್ದು ನಿಮ್ಮ ತಪ್ಪಿನಿಂದಲ್ಲ, ನಿಮ್ಮ ಶ್ರಮ ವ್ಯರ್ಥವಾಗಿರಲೂ ಇಲ್ಲ.

ನಿಮ್ಮಂತೆ ಸಕ್ಕರೆ ಗಡಿಯಲ್ಲಿದ್ದ ಭಾರತೀಯರನ್ನು ಚೆನ್ನೈಯಲ್ಲಿ ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಹಾರ ಮತ್ತು ನಡಿಗೆಯ ಕ್ರಮವನ್ನು ಪಾಲಿಸಿದವರಲ್ಲಿ ಮಧುಮೇಹಕ್ಕೆ ಜಾರುವ ಅಪಾಯ 28.5 ಶೇಕಡದಷ್ಟು ತಗ್ಗಿತ್ತು, ಅದೂ ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲದೆಯೇ! ಮುಳ್ಳು ನಿಂತ ಆ ತಿಂಗಳು ನಿಮಗೆ ಯಾರಾದರೂ ಇದನ್ನು ಹೇಳಬೇಕಿತ್ತು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಟ್ಟುಕೊಂಡಿದ್ದ ಗುರಿಯೂ ದೇಹತೂಕದ 7 ಶೇಕಡ ಮತ್ತು ವಾರಕ್ಕೆ 150 ನಿಮಿಷದ ನಡಿಗೆ ಮಾತ್ರ. ಅಲ್ಲಿ ಅಪಾಯ 58 ಶೇಕಡ ತಗ್ಗಿತು. ನಿಮ್ಮ ಲೆಕ್ಕದಲ್ಲಿ ಆ 7 ಶೇಕಡ ಎಂದರೆ ಐದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ನಿಮ್ಮ ಮದುವೆಯ ವರ್ಷದ ಫೋಟೊದಲ್ಲಿರುವ ತೂಕವನ್ನು ಗುರಿಯಾಗಿಟ್ಟುಕೊಂಡಿದ್ದರೆ ಅದನ್ನು ದಯವಿಟ್ಟು ಬಿಟ್ಟುಬಿಡಿ.

ಇನ್ನು ಉತ್ಸಾಹದ ಮಾತು. ಅದು ಹಬ್ಬಕ್ಕೆ ಬರುವ ನೆಂಟನಂತೆ; ಬಂದಾಗ ಮನೆ ತುಂಬುತ್ತದೆ, ಆದರೆ ವರ್ಷವಿಡೀ ಇರುತ್ತದೆಂದು ನಂಬಿ ಸಂಸಾರ ನಡೆಸಲಾಗದು. ಹೊಸ ರೂಢಿ ಮೈಗೂಡಲು ಎಷ್ಟು ದಿನ ಬೇಕೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನೋಡಿದಾಗ, ಸರಾಸರಿ 66 ದಿನ ಎಂದು ತಿಳಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಹೇಳಿಕೊಳ್ಳುವಂಥ ಅಡ್ಡಿಯಾಗಿರಲಿಲ್ಲ. ನೀವು ಆರನೆಯ ವಾರದಲ್ಲಿ ಕೈಬಿಟ್ಟಿರಿ, ರೂಢಿ ಇನ್ನೂ ಹಸಿಯಾಗಿದ್ದಾಗ. ಆದ್ದರಿಂದ ಬೇಸರದ ದಿನಕ್ಕೂ ಸಾಧ್ಯವಾಗುವಷ್ಟು ಚಿಕ್ಕದಾದ ಕ್ರಮವೊಂದನ್ನು ಈಗಲೇ ಗೊತ್ತುಮಾಡಿಕೊಳ್ಳಿ: ಮನಸ್ಸಿದ್ದ ದಿನ ಒಂದು ಗಂಟೆ, ಇಲ್ಲದ ದಿನ ಹತ್ತೇ ನಿಮಿಷ, ಆದರೆ ಶೂ ಹಾಕಿಕೊಳ್ಳುವುದು ಮಾತ್ರ ತಪ್ಪಬಾರದು. ಮದುವೆಮನೆಯಿಂದ ಬಂದ ಮರುದಿನ ಬೆಳಿಗ್ಗೆಯ ಹತ್ತು ನಿಮಿಷ ಎಲ್ಲಕ್ಕಿಂತ ಮುಖ್ಯ.

ಊಟದಲ್ಲಿ ನೀವು ಹಿಡಿದ ದಾರಿ ಯಾರನ್ನಾದರೂ ದಣಿಸುವಂಥದ್ದು. ರಾತ್ರಿ ಹಣ್ಣು ಮಾತ್ರ ತಿಂದು ಮಲಗಿದವರಿಗೆ ಮರುದಿನ ಸಂಜೆ ಮಂಡಕ್ಕಿ ಮಿರ್ಚಿಯ ಘಮಲು ತಡೆದುಕೊಳ್ಳಲಾಗದಿದ್ದರೆ ಆಶ್ಚರ್ಯವೇನು? ಅನ್ನವನ್ನು ಮತ್ತೆ ತನ್ನಿ, ಆದರೆ ಅಳತೆಯಲ್ಲಿ. ತಟ್ಟೆಯ ಅರ್ಧಕ್ಕೆ ಪಲ್ಯ, ಕೋಸಂಬರಿಗಳನ್ನು ಮೊದಲು ಬಡಿಸಿಕೊಳ್ಳಿ, ಹೆಸರುಕಾಳು, ಗಟ್ಟಿಬೇಳೆ ಅಥವಾ ಮೊಟ್ಟೆ ಇರಲಿ, ಉಳಿದ ಜಾಗದಲ್ಲಿ ಅನ್ನ. ಎಣ್ಣೆಯ ಒಂದು ದೊಡ್ಡ ಚಮಚದಲ್ಲಿ 120 ಕ್ಯಾಲೊರಿ ಇರುವುದರಿಂದ, ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟು ಎಷ್ಟು ದಿನ ಬಂತು ಎಂದು ನೋಡಿ. ಹೆಚ್ಚಿನ ಮನೆಗಳಲ್ಲಿ ಆ ಲೆಕ್ಕವೇ ಎಲ್ಲರ ಕಣ್ಣು ತೆರೆಸುತ್ತದೆ. ಸ್ಟಾಫ್ ರೂಮಿನ ಚಹಾವೂ ಹಾಗೆಯೇ: ಎರಡು ಚಮಚ ಸಕ್ಕರೆಯ ನಾಲ್ಕು ಲೋಟವೆಂದರೆ 160 ಕ್ಯಾಲೊರಿ, ನಿಮ್ಮ ಅರ್ಧ ಗಂಟೆಯ ನಡಿಗೆಗೆ ಸಮ. ಬೆಣ್ಣೆದೋಸೆಯನ್ನು ತಿಂಗಳಿಗೊಮ್ಮೆ ಧಾರಾಳವಾಗಿ ತಿನ್ನಿ, ದಾವಣಗೆರೆಯಲ್ಲಿದ್ದು ಅದನ್ನೂ ಬಿಡಿ ಎನ್ನುವಷ್ಟು ಕಠಿಣ ವೈದ್ಯ ನಾನಲ್ಲ.

ಮನೆಯವರಿಗೆ ಉಪದೇಶ ಬೇಡ. ಸಂಜೆಯ ಕರಿದ ತಿಂಡಿಯನ್ನು ಮನೆಗೆ ಕಟ್ಟಿಸಿಕೊಂಡು ಬರಬೇಡಿ ಎಂಬ ಒಂದೇ ಕೋರಿಕೆ ಇಡಿ, ನಗುವುದಾದರೆ ನಗಲಿ.

ಆರಂಭಿಸುವ ಮುನ್ನ ಥೈರಾಯ್ಡ್ ಪರೀಕ್ಷೆ ಮಾಡಿಸಿ, ಗೊರಕೆ ಅಥವಾ ಹಗಲು ತೂಕಡಿಕೆ ಇದ್ದರೆ ವೈದ್ಯರಿಗೆ ಹೇಳಿ. ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿದರೆ ಸಾಕು. ಅದಕ್ಕಿಂತ ಹೆಚ್ಚಾಗಿ ದರ್ಜಿಯ ಟೇಪನ್ನು ನಂಬಿ. ಕಡೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುವೆ ಟೇಪನ್ನು ಸುತ್ತಿ, ಉಸಿರು ಹೊರಬಿಟ್ಟ ಮೇಲೆ ಅಳೆಯಿರಿ, ಹೊಟ್ಟೆ ಒಳಗೆಳೆದುಕೊಳ್ಳಬಾರದು. ನಮ್ಮ ದೇಶದ ಹೆಂಗಸರಿಗೆ ಅದು 80 ಸೆಂ.ಮೀ. ದಾಟದಿರುವುದು ಒಳ್ಳೆಯದು. ಇವತ್ತಿನ ಅಳತೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು, ನಾಲ್ಕು ವಾರದ ನಂತರ ಮತ್ತೆ ಅಳೆದು, ಮೂರು ತಿಂಗಳಿಗೆ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತಿಳಿಸುವ) ಪರೀಕ್ಷೆ ಮಾಡಿಸಿಕೊಂಡು ಎರಡನ್ನೂ ನಿಮ್ಮ ವೈದ್ಯರಿಗೆ ತೋರಿಸಿ.