ಎಲೆಗೆ ಎಷ್ಟು ರೇಟ್ ಹೇಳಿದರೆ ಕೇಟರಿಂಗ್‌ನಲ್ಲಿ ಲಾಭ ಉಳಿಯುತ್ತೆ?

ಕೋಲಾರದಲ್ಲಿ ಹೊಸದಾಗಿ ಕೇಟರಿಂಗ್ ಶುರು ಮಾಡಿದ್ದೀರಿ, ಬೇರೆಯವರು ಎಲೆಗೆ (ಅಂದರೆ ಒಬ್ಬರ ಊಟಕ್ಕೆ) 180 ಅಂದರೆ ನಾನು 170 ಅನ್ನಲಾ ಅಂತ ಕೇಳಿದ್ದೀರಿ. ಬೇಡ. ಅವರ ಹತ್ತಿರ ಸ್ವಂತ ಪಾತ್ರೆ ಇರಬಹುದು, ಬಡಿಸೋಕೆ ಮನೆಯವರೇ ಬರಬಹುದು, ಅವರ ಖರ್ಚು ನಿಮಗೆ ಗೊತ್ತಿಲ್ಲ ಅಲ್ವಾ?

ಮೊದಲು ನಿಮ್ಮ ಖರ್ಚು ಬರೆಯಿರಿ. ದಿನಸಿ, ತರಕಾರಿ ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗೋದು ಭಟ್ಟರ ಕೂಲಿ, ಬಡಿಸುವವರು, ಪಾತ್ರೆ ತೊಳೆಯುವವರು, ಟೆಂಪೋ ಬಾಡಿಗೆ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ (ಮನೆ ಸಿಲಿಂಡರ್ ಬಳಸೋ ಹಾಗಿಲ್ಲ), ಬಾಳೆಎಲೆ, ನೀರಿನ ಬಾಟಲ್, ಮತ್ತೆ ನಿಮ್ಮದೇ ಸಂಬಳ.

ಲಾಭದ ಲೆಕ್ಕದಲ್ಲಿ ಜಾಸ್ತಿ ಜನ ಎಡವುತ್ತಾರೆ. ಎಲೆಗೆ 150 ರೂಪಾಯಿ ಖರ್ಚು ಅಂದುಕೊಳ್ಳಿ. ಅದಕ್ಕೆ ಶೇ 25 ಸೇರಿಸಿದರೆ 187.50 ಆಗುತ್ತೆ, ಆದರೆ ಬಿಲ್‌ನಲ್ಲಿ ಉಳಿಯೋದು ಶೇ 20 ಮಾತ್ರ. ಬಿಲ್‌ನ ಕಾಲು ಭಾಗ ಕೈಗೆ ಬರಬೇಕು ಅಂದರೆ 150ನ್ನು 0.75ರಿಂದ ಭಾಗಿಸಿ, 200 ಹೇಳಿ.

50 ಎಲೆಯ ನಾಮಕರಣಕ್ಕೆ ಅದೇ ರೇಟ್ ಕೊಡಬೇಡಿ. ಟೆಂಪೋ, ಭಟ್ಟರು ಅದಕ್ಕೂ ಬೇಕು, ಆ ಖರ್ಚು ಹಂಚಿಕೊಳ್ಳೋ ಎಲೆ ಮಾತ್ರ ಕಮ್ಮಿ.

ಎಲೆ ಗ್ಯಾರಂಟಿ ಬರೆಸಿಕೊಳ್ಳಿ, ಅಂದರೆ ಜನ ಕಮ್ಮಿ ಬಂದರೂ ಹೇಳಿದಷ್ಟು ಎಲೆಯ ದುಡ್ಡು ಕೊಡುತ್ತೇವೆ ಅಂತ. 300 ಅಂದು 220 ಜನ ಬಂದರೂ ಅಡುಗೆ ಆಗಿರುತ್ತೆ. ಜಾಸ್ತಿಯಾದ ಎಲೆ ಎಣಿಸೋಕೆ ಎರಡೂ ಕಡೆಯಿಂದ ಒಬ್ಬೊಬ್ಬರು ನಿಲ್ಲಲಿ.

ಆಮೇಲೆ ಟೊಮೇಟೊ. ಅದರ ರೇಟ್ ಹೇಗೆ ಕುಣಿಯುತ್ತೆ ಅಂತ ಕೋಲಾರದವರಿಗೆ ನಾನು ಹೇಳಬೇಕಾ! ಮೂರು ತಿಂಗಳು ಮುಂಚೆ ಬುಕ್ ಮಾಡಿದವರಿಗೆ ರೇಟ್ ಎಷ್ಟು ದಿನ ನಡೆಯುತ್ತೆ ಅಂತ ಕೊಟೇಶನ್‌ನಲ್ಲೇ ಬರೆದು, ಮುಂಗಡ ತಗೊಳ್ಳಿ.