ಏರಿನಲ್ಲಿ ಸುಸ್ತಾಗುವ ಗಾಡಿ

ಓದುಗರ ಪ್ರಶ್ನೆ: ಈ ಸಲ ಮಕ್ಕಳೇ ಕಟ್ಟಿದ ವಿದ್ಯುತ್ ಗಾಡಿಗಳ ಬಗ್ಗೆ

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳು ಚೌಕ ಪೈಪು ಮತ್ತು 20 ಇಂಚಿನ ಸೈಕಲ್ ಚಕ್ರಗಳಿಂದ ಒಬ್ಬರು ಕೂರುವ ಗಾಡಿ ಮಾಡಿದ್ದಾರೆ. 24 ವೋಲ್ಟ್, 250 ವ್ಯಾಟ್‌ನ ಗೇರ್ ಮೋಟಾರಿದೆ. ಅದರ 9 ಹಲ್ಲಿನ ಸ್ಪ್ರಾಕೆಟ್‌ನಿಂದ 18 ಹಲ್ಲಿನ ಫ್ರೀವೀಲ್‌ಗೆ ಚೈನ್ ಹಾಕಿದ್ದೇವೆ. ಕಾಂಕ್ರೀಟ್ ಅಂಗಳದಲ್ಲಿ ಚೆನ್ನಾಗಿ ಓಡುತ್ತದೆ. ಗೇಟಿನ ಬಳಿಯ ಏರಿನಲ್ಲಿ ತೆವಳುತ್ತದೆ, ಮೋಟಾರು ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ದೊಡ್ಡ ಮೋಟಾರು ಹಾಕಬೇಕೆ?
– ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಬೇಡ. ಮೊದಲು ಹಲ್ಲಿನ ಲೆಕ್ಕ, ಆಮೇಲೆ ಮೋಟಾರಿನ ಮಾತು. ಗಾಡಿ, ಬ್ಯಾಟರಿ, ಸವಾರ ಎಲ್ಲ ಸೇರಿ 120 ಕೆ.ಜಿ. ಎಂದಿಟ್ಟುಕೊಳ್ಳಿ. ಗಟ್ಟಿ ನೆಲದಲ್ಲಿ ಉರುಳು ಘರ್ಷಣೆ ತೂಕದ ಶೇ. 1.5ರಷ್ಟು, ಅಂದರೆ ಸುಮಾರು 18 ನ್ಯೂಟನ್. ಗಂಟೆಗೆ 14 ಕಿ.ಮೀ. ವೇಗದಲ್ಲಿ ಗಾಳಿಯ ತಡೆ 5–6 ನ್ಯೂಟನ್. 20 ಅಡಿಗೆ 1 ಅಡಿ ಏರುವ ದಾರಿಯಾದರೆ ಏರೊಂದೇ 59 ನ್ಯೂಟನ್ ಕೇಳುತ್ತದೆ. ಒಟ್ಟು 83 ನ್ಯೂಟನ್ ಬೇಕು.

ಸಿಗುವುದೆಷ್ಟು? ಮೋಟಾರಿನ ಹೊರದಂಡ ನಿಮಿಷಕ್ಕೆ 300 ಸುತ್ತು ತಿರುಗುವಂಥದ್ದಾದರೆ 250 ವ್ಯಾಟ್‌ಗೆ ಟಾರ್ಕ್, ಅಂದರೆ ತಿರುಗಿಸುವ ಬಲ, 8 ನ್ಯೂಟನ್-ಮೀಟರ್. 9ಕ್ಕೆ 18 ಹಲ್ಲು ಕಟ್ಟಿದರೆ ಚಕ್ರದಲ್ಲಿ ಅದು 16 ಆಗುತ್ತದೆ. ಚಕ್ರದ ತ್ರಿಜ್ಯ 0.25 ಮೀಟರ್, ಹಾಗಾಗಿ ನೆಲಕ್ಕೆ ಸಿಗುವ ತಳ್ಳು 64 ನ್ಯೂಟನ್. ಕೊರತೆ ತುಂಬಲು ಮೋಟಾರು ತನ್ನ ಮಿತಿ ಮೀರಿ ಕರೆಂಟು ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ಸುರುಳಿಯ ಬಿಸಿ ನಾಲ್ಕು ಪಟ್ಟು.

ಹಿಂದೆ 28 ಹಲ್ಲು ಹಾಕಿ. ಗೇರ್ ಸೈಕಲ್ಲಿನ ಹಿಂಚಕ್ರದ ದೊಡ್ಡ ಹಲ್ಲುಚಕ್ರ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ತಳ್ಳು 99 ನ್ಯೂಟನ್‌ಗೆ ಏರುತ್ತದೆ, ವೇಗ ಗಂಟೆಗೆ 9 ಕಿ.ಮೀ.ಗೆ ಇಳಿಯುತ್ತದೆ. ಮಕ್ಕಳು ಮುಖ ಸಿಂಡರಿಸುತ್ತಾರೆ, ಇರಲಿ. ಎರಡೂ ಹಲ್ಲುಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ನೂಲು ಹಿಡಿದು ನೋಡಿ. ಓರೆಯಾದರೆ ಚೈನ್ ಜಾರುತ್ತದೆ.

ಏರಿನಲ್ಲಿ ಕರೆಂಟು ಹೆಚ್ಚುವುದೇಕೆ ಎಂಬುದನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಕೈಗೆ ಕೊಡಿ. ಮೋಟಾರಿನ ವೈರುಗಳನ್ನು ಕಂಟ್ರೋಲರ್‌ನಿಂದ ಬಿಡಿಸಿ, ಮಲ್ಟಿಮೀಟರಿಗೆ ಸಿಕ್ಕಿಸಿ, ಚೈನ್ ತುಂಡಿನಿಂದ ಸ್ಪ್ರಾಕೆಟ್ ಎಳೆಯಿರಿ. ಸೆಕೆಂಡಿಗೆ ಒಂದು ಸುತ್ತಿಗೆ 4–5 ವೋಲ್ಟ್ ಕಾಣುತ್ತದೆ. ಓಡುವ ಮೋಟಾರು ಬ್ಯಾಟರಿಗೆ ಎದುರಾಗಿ ಒಡ್ಡುವ ಬ್ಯಾಕ್ ಇಎಂಎಫ್ ಇದೇ. ವೇಗ ಕುಸಿದರೆ ಅದೂ ಕುಸಿಯುತ್ತದೆ, ಕರೆಂಟಿಗೆ ಅಡ್ಡಿಯೇ ಇಲ್ಲದಂತಾಗುತ್ತದೆ. ಆಮೇಲೆ ಮೀಟರ್ ತೆಗೆದು ಎರಡೂ ವೈರುಗಳನ್ನು ಒಂದಕ್ಕೊಂದು ಸೇರಿಸಿ ಮತ್ತೆ ಎಳೆಯಲು ಹೇಳಿ. ಸ್ಪ್ರಾಕೆಟ್ ಸಟ್ಟನೆ ಬಿಗಿಯಾಗುತ್ತದೆ. ಚಲನೆಯಿಂದ ಹುಟ್ಟಿದ ಕರೆಂಟು ಆ ಚಲನೆಯನ್ನೇ ತಡೆಯುತ್ತದೆ ಎಂಬ ಲೆನ್ಸ್ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉಪಕರಣ ಶಾಲೆಯ ಪ್ರಯೋಗಾಲಯದಲ್ಲಿ ಸಿಗುವುದು ಕಷ್ಟ.

ಪ್ರಶ್ನೆ: 12 ವೋಲ್ಟ್, 12 ಆಂಪಿಯರ್-ಅವರ್‌ನ ಎರಡು ಲೆಡ್-ಆಸಿಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದೇವೆ. 6 ಆಂಪಿಯರ್ ಎಳೆದರೆ ಎರಡು ಗಂಟೆ ಬರಬೇಕಲ್ಲ? ಒಂದೂಕಾಲು ಗಂಟೆಗೇ ಮುಗಿಯುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಮೋಸವಿಲ್ಲ. ಆ 12 ಎಂಬ ಅಂಕಿ 20 ಗಂಟೆಗಳಲ್ಲಿ ನಿಧಾನವಾಗಿ, ಅಂದರೆ 0.6 ಆಂಪಿಯರ್‌ನಂತೆ, ಖಾಲಿ ಮಾಡಿದಾಗಿನದು. ಕರೆಂಟು ಜೋರಾದರೆ ಆಮ್ಲ ಫಲಕದ ಒಳಗಿನವರೆಗೆ ಇಳಿಯಲು ಪುರುಸೊತ್ತು ಸಿಗುವುದಿಲ್ಲ. 6 ಆಂಪಿಯರ್‌ನಲ್ಲಿ 8 ಆಂಪಿಯರ್-ಅವರ್‌ನ ಆಸುಪಾಸು ಸಿಕ್ಕರೆ ಬ್ಯಾಟರಿ ಆರೋಗ್ಯವಾಗಿದೆ ಎಂದೇ ಅರ್ಥ. ಓಡುವಾಗ ಒಟ್ಟು ವೋಲ್ಟೇಜ್ 21ಕ್ಕೆ ಇಳಿದೊಡನೆ ನಿಲ್ಲಿಸಿ, ಅದೇ ದಿನ ಚಾರ್ಜಿಗೆ ಹಾಕಿ. ಖಾಲಿ ಬ್ಯಾಟರಿಯನ್ನು ದಸರಾ ರಜೆ ಪೂರ್ತಿ ಬೀರುವಿನಲ್ಲಿಟ್ಟರೆ ಫಲಕಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಪ್ಲಸ್ ತುದಿಯ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್ ಇರಲಿ.

ವೈರು ಯಾವುದು ಎಂದು ನೀವು ಬರೆದಿಲ್ಲ. 1 ಚದರ ಮಿ.ಮೀ. ವೈರು 4 ಮೀಟರ್ ಇದ್ದರೆ, 25 ಆಂಪಿಯರ್ ಹರಿಯುವಾಗ ಅದರಲ್ಲೇ 1.8 ವೋಲ್ಟ್ ಕಳೆದು 45 ವ್ಯಾಟ್ ಬಿಸಿಯಾಗಿ ಹೋಗುತ್ತದೆ. 4 ಚದರ ಮಿ.ಮೀ. ಹಾಕಿದರೆ ನಷ್ಟ ಅದರ ಕಾಲು ಭಾಗ.

ಪ್ರಶ್ನೆ: ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ಸೊನ್ನೆ ತೋರಿಸುತ್ತಿದೆ, ಗಾಡಿ ಮಾತ್ರ ಓಡುತ್ತಿದೆ!
– ಓದುಗರು, ಗದಗ

ಉತ್ತರ: ಅದು ಎಸಿ ಮಾತ್ರ ಅಳೆಯುವ ಮೀಟರು. ಡಿಸಿ ಕ್ಲ್ಯಾಂಪ್ ಬೇಕು, ಇಲ್ಲವೇ 50 ಆಂಪಿಯರ್‌ಗೆ 75 ಮಿಲಿವೋಲ್ಟ್ ಕೊಡುವ ಶಂಟ್ (ಕರೆಂಟು ಅಳೆಯಲು ದಾರಿಯಲ್ಲಿ ಸೇರಿಸುವ ಅತಿ ಕಡಿಮೆ ರೋಧದ ತುಂಡು). ಮಲ್ಟಿಮೀಟರಿನ 10 ಆಂಪಿಯರ್ ಕಿಂಡಿಗೆ ಚುಚ್ಚಬೇಡಿ, ಗಾಡಿ ಹೊರಡುವಾಗಲೇ ಅದರ ಫ್ಯೂಸ್ ಹಾರುತ್ತದೆ.

ಪ್ರಶ್ನೆ: ಇಂಥ ಗಾಡಿಯಿಂದ ಪಿಯು ಮಟ್ಟಕ್ಕೆ ತಕ್ಕ ಒಂದು ಪ್ರಯೋಗ ಸೂಚಿಸಿ.
– ಭೌತಶಾಸ್ತ್ರ ಉಪನ್ಯಾಸಕಿ, ಪುತ್ತೂರು

ಉತ್ತರ: ಬಿಟ್ಟೋಟದ ಪ್ರಯೋಗ. ಸೈಕಲ್ ಸ್ಪೀಡೋಮೀಟರ್ ಕಟ್ಟಿ, ಗಂಟೆಗೆ 13 ಕಿ.ಮೀ. ಮುಟ್ಟಿದ ಮೇಲೆ ಆಕ್ಸಿಲರೇಟರ್ ಬಿಡಿ. 12ರಿಂದ 6 ಕಿ.ಮೀ.ಗೆ ಇಳಿಯಲು ಹಿಡಿದ ಸಮಯ ಬರೆದುಕೊಳ್ಳಿ. 10 ಸೆಕೆಂಡ್ ಎಂದಾದರೆ ವೇಗ ಇಳಿದದ್ದು ಸೆಕೆಂಡಿಗೆ 1.67 ಮೀಟರ್, 120 ಕೆ.ಜಿ.ಯಿಂದ ಗುಣಿಸಿ 10ರಿಂದ ಭಾಗಿಸಿದರೆ ತಡೆಬಲ 20 ನ್ಯೂಟನ್. ಅಂಗಳ ಸಮತಟ್ಟಾಗಿ ಕಂಡರೂ ವಾಟ ಇದ್ದೇ ಇರುತ್ತದೆ, ಗಾಳಿಯೂ ಬೀಸುತ್ತದೆ. ಅದಕ್ಕೇ ಹೋಗುತ್ತ ಮೂರು ಸಲ, ಬರುತ್ತ ಮೂರು ಸಲ ಓಡಿಸಿ ಬಲಗಳ ಸರಾಸರಿ ತೆಗೆಯಿರಿ. ಟೈರಿನ ಗಾಳಿ ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಅಳೆಯಿರಿ. 5 ಸೆಕೆಂಡಿಗೇ ವೇಗ ಇಳಿದರೆ ಸೂತ್ರ ಹುಡುಕುವ ಮೊದಲು ಚಕ್ರ ಎತ್ತಿ ತಿರುಗಿಸಿ ನೋಡಿ: ಬ್ರೇಕ್ ರಬ್ಬರು ರಿಮ್ಮಿಗೆ ಉಜ್ಜುತ್ತಿರಬಹುದು, ಇಲ್ಲವೇ ಮುಂದಿನ ಎರಡು ಚಕ್ರಗಳು ಸಮಾನಾಂತರವಾಗಿಲ್ಲ.